ಇದು ತಲೆಸುತ್ತಲ್ಲ: ಜೆಂಟಾಮೈಸಿನ್ ಆದ ಮೇಲೆ ತೂರಾಟ ಏಕೆ?

ಪ್ರಶ್ನೆ: ನನಗೆ 54 ವರ್ಷ. ಐದು ತಿಂಗಳ ಹಿಂದೆ ಕಿಡ್ನಿಯ ಸೋಂಕು ರಕ್ತಕ್ಕೆ ಹರಡಿ ಆಸ್ಪತ್ರೆ ಸೇರಿದ್ದೆ. 12 ದಿನ ಜೆಂಟಾಮೈಸಿನ್ ಇಂಜೆಕ್ಷನ್ ಕೊಟ್ಟರು. ಕಾಲು ಊದಿತ್ತೆಂದು ನೀರಿಳಿಸುವ ಇಂಜೆಕ್ಷನ್ ಕೂಡ ಕೊಟ್ಟಿದ್ದರು. ಜ್ವರ ಹೋಯಿತು. ಆದರೆ ಹಾಸಿಗೆ ಬಿಟ್ಟು ಎದ್ದಾಗಿನಿಂದ ಕುಡಿದವರ ಹಾಗೆ ತೂರಾಡುತ್ತೇನೆ. ನಡೆಯುವಾಗ ಎದುರಿನ ಬೋರ್ಡು, ಜನರ ಮುಖ ಎಲ್ಲ ಕುಣಿಯುತ್ತವೆ, ನಿಂತರೆ ಸರಿಯಾಗುತ್ತವೆ. ಕತ್ತಲಲ್ಲಿ ಎರಡು ಸಲ ಬಿದ್ದೆ. ಎಂಆರ್‌ಐ, ಕಿವಿ ಕೇಳಿಸುವ ಟೆಸ್ಟು ಎರಡೂ ನಾರ್ಮಲ್. ಮೊದಲು ವೀಕ್‌ನೆಸ್ ಅಂದರು, ಈಗ ಟೆನ್ಷನ್ ಅನ್ನುತ್ತಾರೆ. ತಲೆಸುತ್ತಿನ ಮಾತ್ರೆ ನಾಲ್ಕು ತಿಂಗಳಿಂದ ನುಂಗುತ್ತಿದ್ದೇನೆ, ಏನೂ ಬದಲಾಗಿಲ್ಲ. ಇದು ಆ ಇಂಜೆಕ್ಷನ್‌ನಿಂದಲೇ ಆಗಿದ್ದಾ? ವಾಸಿಯಾಗುತ್ತಾ? ಮೊದಲಿನಂತೆ ಬೆಳಗಿನ ಜಾವ ವಾಕಿಂಗ್ ಹೋಗಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ‘ತಲೆಸುತ್ತು’ ಅನ್ನುವ ಮಾತು ಬಂದಿರುವುದು ಮಾತ್ರೆಯ ಜೊತೆಗೆ ಮಾತ್ರ. ನಿಮ್ಮ ತೊಂದರೆ ಹೇಳುವಾಗ ನೀವು ಬಳಸಿದ್ದು ಬೇರೆ ಮಾತು. ತೂರಾಡುತ್ತೇನೆ, ಬೋರ್ಡು ಕುಣಿಯುತ್ತದೆ, ಕತ್ತಲಲ್ಲಿ ಬೀಳುತ್ತೇನೆ. ಈ ಮೂರು ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳಿದ್ದರೆ ನಾಲ್ಕು ತಿಂಗಳ ಮಾತ್ರೆ ಉಳಿಯುತ್ತಿತ್ತು.

ನಮ್ಮಲ್ಲಿ ಇದೊಂದು ಕಷ್ಟ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದರೂ ತಲೆಸುತ್ತು, ಕೋಣೆ ಗಿರಗಿರ ತಿರುಗಿದರೂ ತಲೆಸುತ್ತು, ನಡೆಯುವಾಗ ಜೋಲಿ ಹೊಡೆದರೂ ತಲೆಸುತ್ತು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಮೊದಲನೆಯದು ಹೆಚ್ಚಾಗಿ ಬಿಪಿಯ ಕಥೆ. ಎರಡನೆಯದು ಸಾಮಾನ್ಯವಾಗಿ ಒಂದು ಕಡೆಯ ಕಿವಿ ಕೆಟ್ಟಾಗ ಅಥವಾ ಕೆರಳಿದಾಗ ಬರುವುದು. ಮೂರನೆಯದು ಜೆಂಟಾಮೈಸಿನ್ ಆದ ಮೇಲೆ ಶುರುವಾಗಿದ್ದರೆ ಮೊದಲ ಅನುಮಾನ ಒಳಕಿವಿಯ ಮೇಲೆ ಬೀಳಬೇಕು. ಅದೂ ಒಂದು ಕಿವಿಯಲ್ಲ, ಎರಡೂ ಕಿವಿಗಳಲ್ಲಿ ಸಮತೋಲನ ನೋಡಿಕೊಳ್ಳುವ ಭಾಗ ಒಟ್ಟಿಗೇ ಸೋತಿರಬಹುದು. ನಿಮ್ಮನ್ನು ಕಣ್ಣಾರೆ ನೋಡದೆ ಇದೇ ಅಂತ ಬರೆದುಕೊಡಲು ಬರುವುದಿಲ್ಲ. ಆದರೆ ಪಂದ್ಯ ಕಟ್ಟಿ ಅಂದರೆ ನಾನು ಇದಕ್ಕೇ ಕಟ್ಟುತ್ತೇನೆ.

ಕೂತಲ್ಲೇ ಒಂದು ಕೆಲಸ ಮಾಡಿ. ಒಂದು ಪುಸ್ತಕವನ್ನು ಕೈಯಳತೆ ದೂರದಲ್ಲಿ ಹಿಡಿಯಿರಿ. ತಲೆ ಅಲ್ಲಾಡಿಸದೆ ಪುಸ್ತಕವನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಆಡಿಸಿ, ಓದಲು ನೋಡಿ. ಆಗುವುದಿಲ್ಲ, ಯಾರಿಗೂ ಆಗುವುದಿಲ್ಲ. ಈಗ ಪುಸ್ತಕವನ್ನು ಅಲುಗದಂತೆ ಹಿಡಿದು, ಅದೇ ವೇಗದಲ್ಲಿ ‘ಇಲ್ಲ ಇಲ್ಲ’ ಅನ್ನುವ ಹಾಗೆ ತಲೆ ಆಡಿಸುತ್ತಾ ಓದಿ. ಮನೆಯಲ್ಲಿ ಚೆನ್ನಾಗಿರುವವರು ಯಾರಾದರೂ ಇದ್ದರೆ ಅವರ ಕೈಲೂ ಮಾಡಿಸಿ. ಅವರು ಸರಾಗವಾಗಿ ಓದುತ್ತಾರೆ. ನಿಮಗೆ ಎರಡೂ ಸಲ ಅಕ್ಷರ ಕಲಸಿಹೋದರೆ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಆ ವ್ಯತ್ಯಾಸ ಬರುವುದು ಹೀಗೆ. ಒಳಕಿವಿಯಲ್ಲಿ ಒಂದೊಂದು ಕಡೆಗೂ ದ್ರವ ತುಂಬಿದ ಮೂರು ಬಳೆಯಂಥ ನಳಿಗೆಗಳು, ಎರಡು ಪುಟ್ಟ ಚೀಲಗಳು ಇವೆ. ತಲೆ ತಿರುಗಿದ್ದನ್ನು ನಳಿಗೆ ಹೇಳುತ್ತದೆ. ತಲೆ ವಾಲಿದ್ದನ್ನು, ಏರಿಳಿದಿದ್ದನ್ನು ಚೀಲ ಹೇಳುತ್ತದೆ. ತಲೆ ಬಲಕ್ಕೆ ಹೊರಳಿದ ಸುಮಾರು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಆ ಸುದ್ದಿ ಕಣ್ಣಿನ ಸ್ನಾಯುಗಳಿಗೆ ಮುಟ್ಟಿ, ಕಣ್ಣುಗುಡ್ಡೆ ಅಷ್ಟೇ ಎಡಕ್ಕೆ ಹೊರಳುತ್ತದೆ. ಹಾಗಾಗಿ ನೋಟ ಇದ್ದಲ್ಲೇ ನಿಲ್ಲುತ್ತದೆ. ಬರೀ ಕಣ್ಣನ್ನೇ ನಂಬಿ ಈ ಕೆಲಸ ಮಾಡಹೊರಟರೆ ಹತ್ತು ಪಟ್ಟು ತಡ. ನಡೆಯುವಾಗ ಹೆಜ್ಜೆ ಹೆಜ್ಜೆಗೂ ತಲೆ ಮೇಲೆ ಕೆಳಗೆ ಆಡುತ್ತಿರುತ್ತದೆ ಅಲ್ವಾ? ನಮಗೆ ಅದು ಗೊತ್ತೇ ಆಗುವುದಿಲ್ಲ. ನಿಮಗೆ ಗೊತ್ತಾಗುತ್ತಿದೆ. ಬೋರ್ಡು ಕುಣಿಯುವುದು ಅಂದರೆ ಇದೇ.

ಇದು ಹೊಸ ಸಂಗತಿಯೇನಲ್ಲ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದು ಕ್ಷಯಕ್ಕೆ ಮದ್ದು ಸಿಕ್ಕಿತು ಅಂತ ಜಗತ್ತು ಖುಷಿಪಟ್ಟ ಸ್ವಲ್ಪ ವರ್ಷಕ್ಕೇ ಈ ದೂರು ಶುರುವಾಯಿತು. 1952ರಲ್ಲಿ ಅಮೆರಿಕದ ಒಬ್ಬ ವೈದ್ಯರು ತಮ್ಮ ಮೇಲೇ ಆಗಿದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮಂಡಿಯ ಕ್ಷಯಕ್ಕೆ ಅವರು ಸ್ಟ್ರೆಪ್ಟೊಮೈಸಿನ್ ತೆಗೆದುಕೊಂಡಿದ್ದರು. ಮಲಗಿಕೊಂಡು ಓದುವಾಗ ಬರೀ ನಾಡಿ ಬಡಿತಕ್ಕೆ ತಲೆ ಅಲುಗುತ್ತದಲ್ಲ, ಅಷ್ಟಕ್ಕೇ ಪುಟದ ಅಕ್ಷರಗಳು ಹಾರುತ್ತಿದ್ದವು. ಮಂಚದ ತಲೆಕಡೆಯ ಎರಡು ಕಂಬಿಗಳ ನಡುವೆ ತಲೆ ಸಿಕ್ಕಿಸಿಕೊಂಡು ಓದುತ್ತಿದ್ದರಂತೆ. ಸ್ವತಃ ವೈದ್ಯರಾಗಿದ್ದವರ ಪಾಡೇ ಹೀಗಿತ್ತು. ಇದನ್ನು ಟೆನ್ಷನ್ ಅಂದವರಿಗೆ ಈ ಕಂಬಿಯ ಕಥೆ ಹೇಳಬೇಕು ಅನ್ನಿಸುತ್ತದೆ.

ಜೆಂಟಾಮೈಸಿನ್ ಅದೇ ಬಳಗದ್ದು. ಅಮೈನೊಗ್ಲೈಕೊಸೈಡ್ ಅನ್ನುತ್ತಾರೆ. ಸ್ಟ್ರೆಪ್ಟೊಮೈಸಿನ್, ಟೊಬ್ರಾಮೈಸಿನ್, ಅಮಿಕಾಸಿನ್, ಕನಾಮೈಸಿನ್, ನಿಯೋಮೈಸಿನ್ ಎಲ್ಲ ಒಂದೇ ಮನೆಯವು. ಗುಣದಲ್ಲಿ ಮಾತ್ರ ಸ್ವಲ್ಪ ಬೇರೆ. ಅಮಿಕಾಸಿನ್, ಕನಾಮೈಸಿನ್, ನಿಯೋಮೈಸಿನ್ ಜಾಸ್ತಿ ಹೊಡೆಯುವುದು ಕೇಳುವ ಭಾಗಕ್ಕೆ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಸಮತೋಲನದ ಭಾಗವನ್ನು ಮೊದಲು ಹಿಡಿಯುತ್ತವೆ. ನಿಮ್ಮ ಕೇಳುವ ಟೆಸ್ಟು ನಾರ್ಮಲ್ ಬಂದಿದ್ದಕ್ಕೆ ಇದೇ ಕಾರಣ. ‘ಕಿವಿ ಚೆನ್ನಾಗಿದೆ’ ಅಂದವರು ಅರ್ಧ ಕಿವಿ ನೋಡಿ ಹೇಳಿದ್ದಾರೆ. ಎಂಆರ್‌ಐ ಕೂಡ ಹಾಗೇ. ಹಾಳಾಗಿರುವುದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಸಣ್ಣ ಜೀವಕೋಶಗಳು, ಸ್ಕ್ಯಾನಿಗೆ ಅವು ಸಿಗುವುದಿಲ್ಲ.

ಆ ಜೀವಕೋಶಗಳ ತಲೆಯ ಮೇಲೆ ಬ್ರಷ್ಷಿನ ಹಾಗೆ ಕೂದಲಿನಂಥ ಎಳೆಗಳಿರುತ್ತವೆ. ದ್ರವ ಅಲುಗಿದಾಗ ಎಳೆ ಬಾಗುತ್ತದೆ, ಬಾಗಿದಾಗ ತುದಿಯಲ್ಲಿ ಒಂದು ಸಣ್ಣ ಕಿಂಡಿ ತೆರೆಯುತ್ತದೆ, ಮಿದುಳಿಗೆ ಸುದ್ದಿ ಹೊರಡುತ್ತದೆ. ಔಷಧ ಒಳಗೆ ನುಗ್ಗುವುದೂ ಅದೇ ಕಿಂಡಿಯಿಂದ. ಒಳಗೆ ಹೋದದ್ದು ಬೇಗ ಹೊರಗೆ ಬರುವುದಿಲ್ಲ. ಕಿಡ್ನಿ ಚೆನ್ನಾಗಿದ್ದರೆ ರಕ್ತದಲ್ಲಿರುವ ಜೆಂಟಾಮೈಸಿನ್ ಎರಡು ಮೂರು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಈ ಕೋಶಗಳಲ್ಲಿ ಮಾತ್ರ ತಿಂಗಳುಗಟ್ಟಲೆ ಉಳಿದುಕೊಂಡಿರಬಹುದು. ಅಲ್ಲಿ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾವನ್ನು ಕೆಡಿಸಿ, ಕೊನೆಗೆ ಕೋಶವನ್ನೇ ಸಾಯಿಸುತ್ತದೆ. ಇಂಜೆಕ್ಷನ್ ನಿಲ್ಲಿಸಿ ಎಷ್ಟೋ ದಿನವಾದ ಮೇಲೂ ತೊಂದರೆ ಶುರುವಾಗಬಹುದು, ಶುರುವಾಗಿದ್ದು ಕೆಲವು ವಾರ ಜಾಸ್ತಿಯಾಗುತ್ತಲೂ ಹೋಗಬಹುದು ಅನ್ನುವುದು ಇದಕ್ಕೇ. ರಕ್ತದಲ್ಲಿ ಔಷಧದ ಮಟ್ಟ ನೋಡುತ್ತಿದ್ದರೆ ಸಾಕು ಅನ್ನುವ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಮಟ್ಟ ಸರಿಯಾಗಿದ್ದವರಿಗೂ ಹೀಗಾಗಿದೆ.

ಯಾರಿಗೆ ಅಪಾಯ ಜಾಸ್ತಿ? ಕಿಡ್ನಿ ಸೋತವರಿಗೆ, ವಯಸ್ಸಾದವರಿಗೆ, ತುಂಬಾ ದಿನ ತೆಗೆದುಕೊಂಡವರಿಗೆ, ಹಿಂದೊಮ್ಮೆ ತೆಗೆದುಕೊಂಡಿದ್ದವರಿಗೆ. ಜೊತೆಗೆ ಫ್ರುಸೆಮೈಡ್‌ನಂಥ ನೀರಿಳಿಸುವ ಔಷಧ ಅಥವಾ ವ್ಯಾಂಕೊಮೈಸಿನ್ ಅನ್ನುವ ಇನ್ನೊಂದು ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಇನ್ನೂ ಜಾಸ್ತಿ. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇವೆ, ನೋಡಿ. ಡಿಸ್ಚಾರ್ಜ್ ಸಮ್ಮರಿ ತೆಗೆದು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಅಂಕಿ) ಎಷ್ಟಿತ್ತು, ಎಷ್ಟು ಡೋಸ್ ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ನೋಡುವ ವೈದ್ಯರಿಗೆ ಕಥೆಗಿಂತ ಆ ಹಾಳೆ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಕೆಟ್ಟರೂ ಕೋಣೆ ಯಾಕೆ ತಿರುಗಲಿಲ್ಲ? ತಿರುಗುವ ಅನುಭವ ಬರಬೇಕಾದರೆ ಎಡಕಿವಿ ಒಂದು ಹೇಳಬೇಕು, ಬಲಕಿವಿ ಇನ್ನೊಂದು ಹೇಳಬೇಕು. ಮಿದುಳು ಆ ಜಗಳವನ್ನು ‘ತಿರುಗುತ್ತಿದ್ದೇನೆ’ ಅಂತ ಅರ್ಥ ಮಾಡಿಕೊಳ್ಳುತ್ತದೆ. ಔಷಧ ರಕ್ತದಲ್ಲಿ ಹೋಗಿ ಎರಡನ್ನೂ ಸಮನಾಗಿ ಸುಮ್ಮನಾಗಿಸಿದರೆ ಜಗಳವೇ ಇಲ್ಲ. ತಿರುಗುವುದಿಲ್ಲ, ವಾಂತಿ ಬರುವುದಿಲ್ಲ, ಪರೀಕ್ಷಿಸುವವರಿಗೆ ಕಣ್ಣು ಅದುರುವುದೂ ಕಾಣುವುದಿಲ್ಲ. ಮಲಗಿದ್ದಷ್ಟು ದಿನ ರೋಗಿಗೂ ಏನೂ ಗೊತ್ತಾಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಜೋಲಿ ಹೊಡೆದರೆ ‘ಅಷ್ಟು ದಿನ ಮಲಗಿದ್ದೀರಲ್ಲ’ ಅನ್ನುತ್ತಾರೆ. ಈ ಔಷಧ ನಡೆಯುತ್ತಿರುವಾಗ ದಿನಕ್ಕೊಂದು ಸಲ ರೋಗಿಯನ್ನು ಎಬ್ಬಿಸಿ ನಡೆಸಿ, ತಲೆ ಆಡಿಸುತ್ತಾ ಗೋಡೆಯ ಮೇಲಿನ ಅಕ್ಷರ ಓದಿಸುವುದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಯಾರೂ ಕೊಡುವುದಿಲ್ಲ ಅನ್ನುವುದೇ ನನ್ನ ತಕರಾರು. ಔಷಧ ಕೊಟ್ಟಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ರಕ್ತಕ್ಕೆ ಸೋಂಕು ಹರಡಿದಾಗ ಅದು ಜೀವ ಉಳಿಸುವ ಔಷಧ. ಸೋಂಕಿನ ರೋಗಾಣು ಯಾವುದೆಂದು ಗೊತ್ತಾದ ಮೇಲೆ ಬೇರೆ ಔಷಧಕ್ಕೆ ಬದಲಿಸಬಹುದಿತ್ತೇ ಅನ್ನುವುದು ನ್ಯಾಯವಾದ ಪ್ರಶ್ನೆ. ದಾಖಲೆ ಹಿಡಿದುಕೊಂಡು ಅದನ್ನು ಕೇಳುವ ಹಕ್ಕು ನಿಮಗಿದೆ. ಇನ್ನೊಂದು ಮಾತು: ಅಮಾಕ್ಸಿಸಿಲಿನ್, ಸೆಫಲೋಸ್ಪೊರಿನ್‌ನಂಥವು ಈ ಬಳಗದವಲ್ಲ. ಎಲ್ಲ ಆ್ಯಂಟಿಬಯೋಟಿಕ್‌ಗೂ ಹೆದರಿ ಕೂರಬೇಡಿ.

ಈಗ ಪರೀಕ್ಷೆ. ಕಿವಿ ಮೂಗು ಗಂಟಲು ತಜ್ಞರಲ್ಲಿ ಅಥವಾ ನರರೋಗ ತಜ್ಞರಲ್ಲಿ ಸಮತೋಲನದ ಪರೀಕ್ಷೆ ಮಾಡುವವರನ್ನೇ ಹುಡುಕಿ. ಮೊದಲ ಪರೀಕ್ಷೆಗೆ ಯಂತ್ರವೂ ಬೇಡ. ನಾನು ಎದುರಿಗೆ ಕೂತು ಎರಡು ಅಂಗೈಯಲ್ಲಿ ರೋಗಿಯ ತಲೆ ಹಿಡಿದು, ‘ನನ್ನ ಮೂಗನ್ನೇ ನೋಡುತ್ತಿರಿ’ ಅಂತ ಹೇಳಿ, ಹೇಳದೆ ಕೇಳದೆ ತಲೆಯನ್ನು ಸ್ವಲ್ಪವೇ, ಆದರೆ ಸರಕ್ಕನೆ ಪಕ್ಕಕ್ಕೆ ಹೊರಳಿಸುತ್ತೇನೆ. ಚೆನ್ನಾಗಿರುವವರ ಕಣ್ಣು ಮೂಗಿನ ಮೇಲೇ ಅಂಟಿಕೊಂಡಿರುತ್ತದೆ. ಒಳಕಿವಿ ಸೋತವರ ಕಣ್ಣು ತಲೆಯ ಜೊತೆಗೇ ಹೋಗಿಬಿಟ್ಟು, ಆಮೇಲೆ ಚಂಗನೆ ಮೂಗಿಗೆ ವಾಪಸು ಜಿಗಿಯುತ್ತದೆ. ಆ ಜಿಗಿತ ಎರಡೂ ಕಡೆ ಕಂಡರೆ ಹೆಚ್ಚುಕಡಿಮೆ ಉತ್ತರ ಸಿಕ್ಕಂತೆ. 1988ರಲ್ಲಿ ಹಾಲ್ಮಾಗಿ, ಕರ್ಥಾಯ್ಸ್ ಅನ್ನುವ ಇಬ್ಬರು ಇದನ್ನು ವಿವರಿಸಿದರು. ಈಗ ಕ್ಯಾಮೆರಾ ಇರುವ ಕನ್ನಡಕ ಹಾಕಿ ಇದನ್ನೇ ಅಳೆಯುತ್ತಾರೆ, ವಿಎಚ್‌ಐಟಿ ಅನ್ನುತ್ತಾರೆ. ಅದರಲ್ಲಿ ‘ಗೇನ್’ ಅನ್ನುವ ಅಂಕಿ ಬರುತ್ತದೆ. 1ರ ಹತ್ತಿರ ಇದ್ದರೆ ಚೆನ್ನ, ಎರಡೂ ಕಡೆ 0.6ಕ್ಕಿಂತ ಕಡಿಮೆ ಇದ್ದರೆ ಎರಡೂ ಒಳಕಿವಿ ಸೋತಿವೆ ಅಂತ ಲೆಕ್ಕ.

ಇನ್ನೊಂದು ಕ್ಯಾಲೋರಿಕ್ ಪರೀಕ್ಷೆ. ಕಿವಿಯೊಳಕ್ಕೆ ಒಮ್ಮೆ 30 ಡಿಗ್ರಿ, ಒಮ್ಮೆ 44 ಡಿಗ್ರಿ ನೀರು ಬಿಡುತ್ತಾರೆ. ಚೆನ್ನಾಗಿರುವವರಿಗೆ ಆಗ ಕೋಣೆ ಗಿರ್ರನೆ ತಿರುಗಬೇಕು. ‘ನನಗೇನೂ ಆಗಲೇ ಇಲ್ಲ ಡಾಕ್ಟರೇ’ ಅಂತ ನಗುನಗುತ್ತಾ ಎದ್ದು ಕೂತವರನ್ನು ನೋಡಿದ್ದೇನೆ, ಪಾಸಾದೆ ಅಂದುಕೊಂಡು. ಏನೂ ಆಗದಿರುವುದೇ ಅಲ್ಲಿ ಕೆಟ್ಟ ಸುದ್ದಿ. ಅದನ್ನು ಹೇಳುವುದು ನನಗೆ ಇವತ್ತಿಗೂ ಕಷ್ಟ.

ಇದರ ಜೊತೆಗೆ ಬಿ12, ಸಕ್ಕರೆ ಪರೀಕ್ಷೆ ಮಾಡಿಸಿ, ಪಾದದ ಸ್ಪರ್ಶವನ್ನೂ ನೋಡಿಸಿ. ಕಾಲಿನ ನರ ದುರ್ಬಲವಾದರೂ ಕತ್ತಲಲ್ಲಿ ಜನ ಬೀಳುತ್ತಾರೆ. ನಾವು ನಿಲ್ಲುವುದು ಮೂರು ಊರುಗೋಲಿನ ಮೇಲೆ ಅಂದುಕೊಳ್ಳಿ: ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿ. ನಿಮ್ಮದು ಒಂದು ಮುರಿದಿದೆ. ದೀಪ ಆರಿದರೆ ಎರಡನೆಯದೂ ಹೋಯಿತು. ಮೆತ್ತನೆಯ ಹಾಸಿಗೆಯ ಮೇಲೆ, ಮರಳಿನ ಮೇಲೆ ಕಾಲಿಟ್ಟರೆ ಮೂರನೆಯದೂ ಜಾರಿತು. ನೀವು ಎರಡು ಸಲ ಬಿದ್ದ ಜಾಗ ಹೇಗಿತ್ತು ನೆನಪಿಸಿಕೊಳ್ಳಿ.

ಮಾತ್ರೆಯ ವಿಚಾರಕ್ಕೆ ಬರೋಣ. ಸಿನರಿಜಿನ್, ಪ್ರೋಕ್ಲೋರ್‌ಪೆರಜಿನ್ ಥರದವು ಕೆರಳಿದ ಒಳಕಿವಿಯ ಸದ್ದನ್ನು ತಗ್ಗಿಸುವ ಮಾತ್ರೆಗಳು. ನಿಮ್ಮಲ್ಲಿ ಸದ್ದೇ ಇಲ್ಲ, ತಗ್ಗಿಸುವುದೇನು? ಮೇಲಾಗಿ ಮಿದುಳು ಈಗ ಹೊಸದಾಗಿ ಪಾಠ ಕಲಿಯಬೇಕು, ಇವು ಅದನ್ನು ಮಂಪರಿನಲ್ಲಿಡುತ್ತವೆ. ಪ್ರೋಕ್ಲೋರ್‌ಪೆರಜಿನ್ ಅಂತೂ ತಿಂಗಳುಗಟ್ಟಲೆ ನುಂಗಿದರೆ ಪಾರ್ಕಿನ್ಸನ್ ಥರದ ಬಿಗಿತ, ನಡುಕ ತರಬಹುದು. ಬೀಟಾಹಿಸ್ಟಿನ್‌ನಿಂದಲೂ ಇಲ್ಲಿ ಪ್ರಯೋಜನ ಇಲ್ಲ. ಬರೆದುಕೊಟ್ಟವರಿಗೆ ಹೇಳಿ ನಿಲ್ಲಿಸುವ ಮಾತಾಡಿ.

ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಸತ್ತ ಕೋಶ ಮರಳಿ ಬರುವುದಿಲ್ಲ. ಹಕ್ಕಿಗಳಲ್ಲಿ, ಮೀನುಗಳಲ್ಲಿ ಅವು ಮತ್ತೆ ಚಿಗುರುತ್ತವೆ, ನಮ್ಮಲ್ಲಿ ಕೆಲಸಕ್ಕೆ ಬರುವಷ್ಟು ಚಿಗುರುವುದಿಲ್ಲ. ಸಾಯದೆ ಬರೀ ಪೆಟ್ಟು ತಿಂದ ಕೋಶಗಳು ಸ್ವಲ್ಪ ಚೇತರಿಸಿಕೊಳ್ಳಬಹುದು. ಆದರೆ ನೀವು ಸುಧಾರಿಸುವುದು ಬೇರೆ ಮಾತು. ಮಿದುಳು ಉಳಿದ ಎರಡು ಊರುಗೋಲಿನ ಮೇಲೆ ಜಾಸ್ತಿ ಭಾರ ಹಾಕುವುದನ್ನು ಕಲಿಯುತ್ತದೆ. ತಲೆ ಹೊರಳುವಾಗಲೇ ಕಣ್ಣನ್ನು ಗುಟ್ಟಾಗಿ ವಾಪಸು ಜಿಗಿಸುವುದನ್ನೂ ಕಲಿಯುತ್ತದೆ. ಇದಕ್ಕೆ ತಿಂಗಳುಗಳು ಬೇಕು, ಒಂದೆರಡು ವರ್ಷದವರೆಗೂ ಸುಧಾರಣೆ ಆಗುತ್ತಲೇ ಇರುತ್ತದೆ. ಮೊದಲಿನ ನೂರಕ್ಕೆ ನೂರು ಬರುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಗೋಡೆ ಹಿಡಿಯದೆ ನಡೆಯುವುದು, ಒಬ್ಬರೇ ಹೊರಗೆ ಹೋಗಿಬರುವುದು, ಕೆಲಸಕ್ಕೆ ಮರಳುವುದು ತುಂಬಾ ಜನಕ್ಕೆ ಆಗುತ್ತದೆ.

ಆದರೆ ಮಿದುಳು ಸುಮ್ನೆ ಕೂತರೆ ಕಲಿಯುವುದಿಲ್ಲ. ಬೀಳುತ್ತೇನೆಂದು ಹೆದರಿ ಕುತ್ತಿಗೆ ಸೆಟೆದುಕೊಂಡು, ತಲೆ ಅಲ್ಲಾಡಿಸದೆ ನಡೆಯುವ ಅಭ್ಯಾಸ ನಿಮಗೂ ಆಗಿರಬೇಕು. ಅದನ್ನು ಬಿಡಿಸುವುದೇ ಚಿಕಿತ್ಸೆ. ಒಂದು ಕಾಗದದ ಮೇಲೆ ‘ಅ’ ಬರೆದು, ಖಾಲಿ ಗೋಡೆಗೆ ಕಣ್ಣಿನ ಎತ್ತರಕ್ಕೆ ಅಂಟಿಸಿ. ಕೈಯಳತೆ ದೂರದಲ್ಲಿ, ಮೊದಲ ವಾರ ಕುರ್ಚಿಯಲ್ಲಿ ಕೂತೇ ಮಾಡಿ. ‘ಅ’ ಮೇಲಿಂದ ಕಣ್ಣು ಕೀಳದೆ ತಲೆಯನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಿ. ನಿಧಾನವಾಗಿ ವೇಗ ಹೆಚ್ಚಿಸುತ್ತಾ ಹೋಗಿ. ಒಂದು ವೇಗದಲ್ಲಿ ‘ಅ’ದ ಅಂಚು ಕಲಸಲು ಶುರುವಾಗುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ವೇಗವೇ ನಿಮ್ಮ ವೇಗ. ಒಂದು ನಿಮಿಷ ಅಡ್ಡಕ್ಕೆ, ಸ್ವಲ್ಪ ಬಿಡುವು, ಒಂದು ನಿಮಿಷ ಮೇಲೆ ಕೆಳಗೆ. ದಿನಕ್ಕೆ ನಾಲ್ಕೈದು ಸಲ ಮಾಡಿ. ದಿನದ ಒಟ್ಟು ಹೊತ್ತನ್ನು ನಿಧಾನವಾಗಿ 20ರಿಂದ 40 ನಿಮಿಷಕ್ಕೆ ಏರಿಸಬೇಕು. ಮಾಡಿದಾಗ ಒಂಥರಾ ಹೊಟ್ಟೆ ತೊಳಸಿದ ಹಾಗಾದರೆ ಹೆದರಬೇಡಿ. 15–20 ನಿಮಿಷದಲ್ಲಿ ಇಳಿಯಬೇಕು. ಇಳಿಯದಿದ್ದರೆ ಅವತ್ತು ವೇಗ ಜಾಸ್ತಿಯಾಯಿತು ಅಂತ ಅರ್ಥ.

ಇನ್ನೊಂದು ಅಭ್ಯಾಸ ನನಗೆ ಇಷ್ಟ. ‘ಅ’ ನೋಡಿ, ಕಣ್ಣು ಮುಚ್ಚಿ, ಮುಚ್ಚಿದ ಕಣ್ಣಿನಲ್ಲೇ ಅದನ್ನು ನೋಡುತ್ತಿರುವ ಹಾಗೆ ಕಲ್ಪಿಸಿಕೊಂಡು ತಲೆ ಪಕ್ಕಕ್ಕೆ ತಿರುಗಿಸಿ. ಕಣ್ಣು ಬಿಟ್ಟಾಗ ನೋಟ ‘ಅ’ ಮೇಲೇ ಇದೆಯೇ ನೋಡಿ. ಮೊದಮೊದಲು ಎಲ್ಲೋ ಇರುತ್ತದೆ. ವಾರಗಳು ಕಳೆದಂತೆ ಹತ್ತಿರ ಬರುತ್ತದೆ. ನಿಲ್ಲುವ ಅಭ್ಯಾಸವನ್ನು ಗೋಡೆಯ ಮೂಲೆಯಲ್ಲಿ, ಮುಂದೆ ಒಂದು ಕುರ್ಚಿ ಇಟ್ಟುಕೊಂಡು ಮಾಡಿ. ಪಾದ ಜೋಡಿಸಿ ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ. ದಿಂಬಿನ ಮೇಲೆ ನಿಲ್ಲುವುದನ್ನು ಮಾತ್ರ ಫಿಸಿಯೊಥೆರಪಿಸ್ಟ್ ಎದುರಿಗೇ ಶುರು ಮಾಡಿ. ಈ ವ್ಯಾಯಾಮ ಕಲಿಸುವ ಫಿಸಿಯೊ ಸಿಕ್ಕರೆ ಬಿಡಬೇಡಿ. ಅವರು ನಿಮ್ಮ ಜೊತೆ ಕಳೆಯುವ ಅರ್ಧ ಗಂಟೆ ನನ್ನ ಈ ಇಡೀ ಉತ್ತರಕ್ಕಿಂತ ದೊಡ್ಡದು.

ಸಂಜೆ ಹೊತ್ತಿಗೆ ವಿಪರೀತ ಸುಸ್ತಾಗುತ್ತಿದ್ದರೆ ಅದು ಸೋಮಾರಿತನ ಅಲ್ಲ. ತಾನಾಗಿ ನಡೆಯುತ್ತಿದ್ದ ಕೆಲಸವನ್ನು ಮಿದುಳು ಈಗ ಹೆಜ್ಜೆ ಹೆಜ್ಜೆಗೂ ಯೋಚಿಸಿ ಮಾಡುತ್ತಿದೆ. ನಡೆಯುತ್ತಾ ಮಾತಾಡಿಸಿದರೆ ನಿಂತುಬಿಡುತ್ತೀರಾ? ಮನೆಯವರಿಗೆ ಈ ವಾಕ್ಯ ಓದಿಸಿ.

ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಸಣ್ಣ ದೀಪ ಇರಲಿ. ಮುಖಕ್ಕೆ ಸೋಪು ಹಚ್ಚುವಾಗ, ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚುತ್ತೀರಿ, ಅದಕ್ಕೇ ಕೂತು ಸ್ನಾನ ಮಾಡಿ. ಮೆತ್ತನೆ ದಪ್ಪ ಅಡಿಯ ಚಪ್ಪಲಿ ಬೇಡ, ತೆಳು ಗಟ್ಟಿ ಅಡಿಯದು ಪಾದಕ್ಕೆ ನೆಲದ ಸುದ್ದಿ ಚೆನ್ನಾಗಿ ಕೊಡುತ್ತದೆ. ಏಣಿ ಹತ್ತಬೇಡಿ. ನೀರಿಗಂತೂ ಇಳಿಯಲೇಬೇಡಿ. ನೀರೊಳಗೆ ಮುಳುಗಿದರೆ ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿಯದೆ, ಈಜು ಬಲ್ಲವರೂ ಮುಳುಗಬಹುದು. ಗಾಡಿ ಓಡಿಸುತ್ತಿದ್ದರೆ, ಪರೀಕ್ಷೆ ಆಗುವವರೆಗೆ ನಿಲ್ಲಿಸಿ.

ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ: ‘ಜೀವಕ್ಕೆ ಅಪಾಯ ಇದ್ದು ಬೇರೆ ದಾರಿಯೇ ಇಲ್ಲ ಅನ್ನುವವರೆಗೆ ಅಮೈನೊಗ್ಲೈಕೊಸೈಡ್ ಕೊಡಬೇಡಿ’, ಕೆಳಗೆ ನಾನು ಮೇಲೆ ಹೇಳಿದ ಆರು ಹೆಸರು. ನಿಮ್ಮ ತಾಯಿಯ ಕಡೆ ಯಾರಿಗಾದರೂ ಇಂಥ ಇಂಜೆಕ್ಷನ್ ಆದ ಮೇಲೆ ಕಿವಿ ಕೇಳಿಸದಂತಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ತಾಯಿಯಿಂದ ಮಕ್ಕಳಿಗೆ ಬರುವ ಒಂದು ಬಗೆಯ ಮೈಟೊಕಾಂಡ್ರಿಯಾ ದೋಷ ಇರುವವರಿಗೆ ಈ ಔಷಧದ ಒಂದೆರಡು ಡೋಸಿಗೇ ಕಿವುಡು ಬರಬಹುದು. ಒಳಕಿವಿಗೆ ಕೂರಿಸುವ ಸಮತೋಲನದ ಯಂತ್ರದ ಬಗ್ಗೆ ಯಾರಾದರೂ ಹೇಳಿದರೆ, ಅದು ಸುಳ್ಳಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2021ರಲ್ಲಿ ಎಂಟು ಜನರ ಫಲಿತಾಂಶ ಪ್ರಕಟಿಸಿದ್ದಾರೆ. ಸದ್ಯಕ್ಕೆ ಅದನ್ನು ನಂಬಿ ವ್ಯಾಯಾಮ ಬಿಡಬೇಡಿ.

ಇನ್ನು ನಿಮ್ಮ ವಾಕಿಂಗ್. ಹೋಗಿ, ಆದರೆ ಬೆಳಕು ಹರಿದ ಮೇಲೆ. ಮೊದಲ ತಿಂಗಳು ಸಮತಟ್ಟಾದ ದಾರಿ, ಕೈಯಲ್ಲೊಂದು ಕೋಲು. ಭಾರ ಹಾಕುವುದಕ್ಕಲ್ಲ, ಕೋಲಿನ ತುದಿ ನೆಲ ಮುಟ್ಟಿದ ಸುದ್ದಿ ಬೆರಳಿಗೆ ಬರಲಿ ಅಂತ. ಕುಣಿಯುತ್ತದೆ ಅಂದಿರಲ್ಲ, ಆ ಬೋರ್ಡನ್ನು ನಿಂತು ಒಮ್ಮೆ ಓದಿ, ಆಮೇಲೆ ನಡೆಯುತ್ತಾ ಎಷ್ಟು ಹೆಜ್ಜೆ ದೂರದಿಂದ ಓದಲಾಗುತ್ತದೆ ಅಂತ ಎಣಿಸಿ ಬರೆದಿಡಿ. ವಾರಕ್ಕೊಮ್ಮೆ ಸಾಕು, ದಿನಾ ನೋಡಿದರೆ ಬೇಜಾರಾಗುತ್ತದೆ. ಮೂರು ತಿಂಗಳಾದ ಮೇಲೆ ಆ ಲೆಕ್ಕವನ್ನೂ, ವಿಎಚ್‌ಐಟಿಯಲ್ಲಿ ಎರಡೂ ಕಿವಿಯ ಗೇನ್ ಎಷ್ಟು ಬಂತು ಅನ್ನುವುದನ್ನೂ ಬರೆದು ಕಳಿಸಿ. ಕತ್ತಲಿನ ವಾಕಿಂಗ್ ಬಗ್ಗೆ ಆಗ ಮಾತಾಡೋಣ.